ಒಂದು ಹಲ್ಲಿನ ಚಿಂತೆ: ಕೊರೆಸುವ ಮುನ್ನ ತಿಳಿದಿರಬೇಕಾದದ್ದು

ನನ್ನ ತಂಗಿಯ ಮಗಳು ಹಳೇಬೀಡಿನಲ್ಲಿದ್ದಾಳೆ. ನಗುವಾಗ ದುಪಟ್ಟಾದ ಅಂಚನ್ನು ಬಾಯಿಗೆ ಹಿಡಿಯುವುದು ಅವಳ ಅಭ್ಯಾಸ. ನಾಚಿಕೆಯ ಸ್ವಭಾವದವಳು ಎಂದು ನಾವೆಲ್ಲ ತಿಳಿದಿದ್ದೆವು. ವಿಷಯ ಅದಲ್ಲ. ಶಾಲೆಯಲ್ಲಿದ್ದಾಗ ಆಟದ ಮೈದಾನದಲ್ಲಿ ಬಿದ್ದು ಮೇಲಿನ ಸಾಲಿನ ಮುಂದಿನ ಹಲ್ಲಿಗೆ ಪೆಟ್ಟಾಗಿತ್ತು, ತುದಿಯೂ ಸ್ವಲ್ಪ ಮುರಿದಿತ್ತು. ಅಂದು ರಕ್ತ ನಿಂತಿತು, ನಾಲ್ಕು ದಿನಕ್ಕೆ ನೋವು ಹೋಯಿತು, ಮನೆಯವರೆಲ್ಲ ಮರೆತರು. ಕೆಲವು ವರ್ಷಗಳಾದ ಮೇಲೆ ಆ ಹಲ್ಲು ಮೆಲ್ಲಮೆಲ್ಲಗೆ ಕಂದು ಬಣ್ಣಕ್ಕೆ ತಿರುಗಿತು. ಈಗ ಮದುವೆಯ ಮಾತು ನಡೆಯುತ್ತಿದೆ. ನೋಡಲು ಬಂದವರಲ್ಲಿ ಹಿರಿಯ ಹೆಂಗಸೊಬ್ಬರು, "ಹುಡುಗಿ ಒಳ್ಳೆಯವಳು, ಆ ಹಲ್ಲೊಂದನ್ನು ಸರಿ ಮಾಡಿಸಿಬಿಡಿ" ಎಂದು ಹೇಳಿ ಹೋದರು.

ಮರುವಾರವೇ ತಂಗಿ ಮಗಳನ್ನು ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದಳು. ಅಲ್ಲಿ, "ಒಂದೇ ಹಲ್ಲಿಗೆ ಮಾಡಿದರೆ ಬಣ್ಣ ಹೊಂದುವುದಿಲ್ಲ. ಮುಂದಿನ ಆರೂ ಹಲ್ಲಿಗೆ ಕ್ಯಾಪ್ ಹಾಕೋಣ, ಹತ್ತು ದಿನದಲ್ಲಿ ಮುಗಿಯುತ್ತದೆ" ಎಂದರಂತೆ. ಎಕ್ಸ್‌ರೇ ತೆಗೆದಿರಲಿಲ್ಲ. ಮನೆಯವರು ಹಣ ಹೊಂದಿಸಲು ಓಡಾಡತೊಡಗಿದರು. ಆಗ ಹುಡುಗಿ ನನಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿದಳು. "ಮಾಮು, ಹಲ್ಲು ಸರಿ ಮಾಡಿಸಿಕೊಂಡರೆ ಅಲ್ಲಾಹನ ಸೃಷ್ಟಿಯನ್ನು ಬದಲಾಯಿಸಿದ ಗುನಾಹ್ ಆಗುತ್ತದಾ? ಚೆನ್ನಾಗಿರುವ ಐದು ಹಲ್ಲನ್ನೂ ಯಾಕೆ ಕೊರೆಯಬೇಕು?"

ಮೊದಲನೆಯದು ಆಲಿಮರಲ್ಲಿ ಕೇಳಬೇಕಾದ ಪ್ರಶ್ನೆ, ಎರಡನೆಯದು ದಂತವೈದ್ಯರಲ್ಲಿ. ಎರಡನ್ನೂ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅರಸೀಕೆರೆ, ಬೇಲೂರು, ಹಳೇಬೀಡಿನ ಎಷ್ಟೋ ಮನೆಗಳಲ್ಲಿ ಇದೇ ಚಿಂತೆ ಇದೆ.

ದೀನ್ ಏನು ಹೇಳುತ್ತದೆ?

ಅಂದಕ್ಕಾಗಿ ಹಲ್ಲುಗಳನ್ನು ಅರದಿಂದ ಉಜ್ಜಿ ಸಂದು ಮಾಡಿಸಿಕೊಳ್ಳುವವರನ್ನು ಖಂಡಿಸುವ ಹದೀಸ್ ಹಝ್ರತ್ ಅಬ್ದುಲ್ಲಾ ಬಿನ್ ಮಸ್ಊದ್(ರ)ರಿಂದ ವರದಿಯಾಗಿದೆ. ಬುಖಾರಿ ಮತ್ತು ಮುಸ್ಲಿಮ್ ಎರಡೂ ಗ್ರಂಥಗಳಲ್ಲಿ ಅದು ಇದೆ. ಹುಡುಗಿಯ ಭಯ ಇಲ್ಲಿಂದ ಬಂದದ್ದು. ಆದರೆ ಆ ಹದೀಸಿನಲ್ಲಿ 'ಅಂದಕ್ಕಾಗಿ' ಎಂಬ ಮಾತು ಇರುವುದನ್ನು ವಿದ್ವಾಂಸರು ಎತ್ತಿ ತೋರಿಸುತ್ತಾರೆ. ಆರೋಗ್ಯವಾಗಿರುವ, ಯಾವ ಕುಂದೂ ಇಲ್ಲದ ಹಲ್ಲನ್ನು ಬರೀ ಚಂದಕ್ಕಾಗಿ ಉಜ್ಜಿಸುವುದು ಬೇರೆ. ಪೆಟ್ಟು, ರೋಗ ಅಥವಾ ಹುಟ್ಟಿನಿಂದ ಬಂದ ಕುಂದನ್ನು ಸರಿಪಡಿಸಿಕೊಳ್ಳುವುದು ಬೇರೆ.

ಈ ಎರಡನೆಯದಕ್ಕೆ ಹಝ್ರತ್ ಅರ್ಫಜಾ ಬಿನ್ ಅಸ್ಅದ್(ರ)ರ ಪ್ರಸಂಗವನ್ನು ಆಧಾರವಾಗಿ ಹೇಳುತ್ತಾರೆ. ಇಸ್ಲಾಮಿಗೆ ಮುಂಚಿನ ಕುಲಾಬ್ ಯುದ್ಧದಲ್ಲಿ ಅವರ ಮೂಗು ತುಂಡಾಗಿತ್ತು. ಬೆಳ್ಳಿಯ ಮೂಗನ್ನು ಇಟ್ಟುಕೊಂಡರು, ಅದು ದುರ್ವಾಸನೆ ಬರತೊಡಗಿತು. ಆಗ ಪ್ರವಾದಿ(ಸ)ರು ಚಿನ್ನದ ಮೂಗನ್ನು ಮಾಡಿಸಿಕೊಳ್ಳಲು ಅವರಿಗೆ ಹೇಳಿದರು. ಗಂಡಸರಿಗೆ ಚಿನ್ನ ನಿಷಿದ್ಧವಾಗಿದ್ದರೂ ಅಗತ್ಯಕ್ಕಾಗಿ ಅನುಮತಿ ಸಿಕ್ಕಿತು. ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿರುವ ಈ ವರದಿಯ ಆಧಾರದಲ್ಲಿಯೇ ಅಲುಗುವ ಹಲ್ಲನ್ನು ಚಿನ್ನದ ತಂತಿಯಿಂದ ಕಟ್ಟಿಸುವುದನ್ನು ಅನೇಕ ಇಮಾಮರು ಅನುಮತಿಸಿದರು. ಇಂದು ಹಲ್ಲಿನ ಬಣ್ಣದ ವಸ್ತುಗಳೇ ಸಿಗುವುದರಿಂದ ಗಂಡಸರು ಚಿನ್ನದ ಮೊರೆ ಹೋಗುವ ಅಗತ್ಯವಿಲ್ಲ.

ಹೀಗಾಗಿ ಪೆಟ್ಟು ಬಿದ್ದು ಕಪ್ಪಾದ ಹಲ್ಲಿಗೆ ಚಿಕಿತ್ಸೆ ಮಾಡಿಸುವುದರಲ್ಲಿ ತಪ್ಪಿಲ್ಲ ಎಂದು ನಮ್ಮ ಆಲಿಮರು ಹೇಳಿದರು. ಆರೋಗ್ಯವಾಗಿರುವ ಐದು ಹಲ್ಲುಗಳ ಬಗ್ಗೆ ಕೇಳಿದಾಗ, "ಅವು ಅಮಾನತ್ತು. ಅವಕ್ಕೆ ಯಾವ ಕುಂದು ಇದೆಯೆಂದು ಕೊರೆಸುತ್ತೀರಿ?" ಎಂದು ಮರುಪ್ರಶ್ನೆ ಹಾಕಿದರು. ದಂತವೈದ್ಯಶಾಸ್ತ್ರದ ಉತ್ತರವೂ ಹೆಚ್ಚುಕಡಿಮೆ ಇದೇ ಎಂಬುದು ಮುಂದೆ ತಿಳಿಯಿತು.

ಮೊದಲು ಕಾರಣ, ಆಮೇಲೆ ಚಿಕಿತ್ಸೆ

ಬೇಲೂರು, ಹಳೇಬೀಡಿನವರಿಗೆ ಕಲ್ಲಿನ ಕೆಲಸ ಗೊತ್ತು. ಬಳಪದ ಕಲ್ಲಿನಲ್ಲಿ ಉಳಿ ಒಮ್ಮೆ ಹೆಚ್ಚು ಕೊರೆದರೆ ಆ ಚೂರನ್ನು ಮತ್ತೆ ಕೂಡಿಸಲಾಗದು. ಹಲ್ಲಿನ ಹೊರಪದರವಾದ ಎನಾಮಲ್ ಕೂಡ ಹಾಗೆಯೇ. ಮುಂದಿನ ಹಲ್ಲಿನಲ್ಲಿ ಅದರ ದಪ್ಪ ಸುಮಾರು ಒಂದು ಮಿಲಿಮೀಟರ್, ಒಸಡಿನ ಹತ್ತಿರ ಇನ್ನೂ ತೆಳು. ಚರ್ಮ, ಮೂಳೆ ಮತ್ತೆ ಬೆಳೆಯುತ್ತವೆ. ಎನಾಮಲ್ ಬೆಳೆಯುವುದಿಲ್ಲ. ಆದ್ದರಿಂದ ಹಲ್ಲಿನ ಅಂದದ ಚಿಕಿತ್ಸೆಯಲ್ಲಿ ನೆನಪಿಡಬೇಕಾದ ಸೂತ್ರ ಒಂದೇ: ಕೊರೆಯದೆ ಆಗುವುದನ್ನು ಮೊದಲು ನೋಡಿ, ಕಡಿಮೆ ಕೊರೆಯುವುದನ್ನು ಆಮೇಲೆ, ಹೆಚ್ಚು ಕೊರೆಯುವುದನ್ನು ಕೊನೆಗೆ.

ಅದಕ್ಕೂ ಮುಂಚೆ ಹಲ್ಲು ಹಾಗೇಕೆ ಕಾಣುತ್ತಿದೆ ಎಂದು ತಿಳಿಯಬೇಕು. ಕಾರಣಗಳು ಸಾಮಾನ್ಯವಾಗಿ ಐದು.

ಒಂದು, ಹೊರಗಿನ ಕಲೆ. ಚಹಾ, ಎಲೆ ಅಡಿಕೆ, ಹೊಗೆಸೊಪ್ಪು, ಗುಟ್ಕಾ, ಬೀಡಿ ಇವುಗಳಿಂದ ಬರುವಂಥದ್ದು. ಇದು ಒಂದು ಹಲ್ಲಿಗಿಂತ ಹಲವು ಹಲ್ಲುಗಳ ಮೇಲೆ ಕಾಣುತ್ತದೆ.

ಎರಡು, ಒಳಗಿನ ನರ ಸತ್ತಿರುವುದು. ಪೆಟ್ಟು ಬಿದ್ದಾಗ ಹಲ್ಲಿನೊಳಗಿನ ರಕ್ತನಾಳ ಕಡಿದುಹೋಗಿ, ಒಳಗೆ ಉಳಿದ ರಕ್ತದ ಅಂಶ ಹಲ್ಲಿನ ಗೋಡೆಗೆ ಇಳಿಯುತ್ತದೆ. ನೋವಿಲ್ಲದೆಯೇ ವರ್ಷಗಳ ಮೇಲೆ ಬಣ್ಣ ಬದಲಾಗಬಹುದು. ಬೇರಿನ ತುದಿಯಲ್ಲಿ ಕೀವು ಸೇರಿಕೊಂಡಿದ್ದರೂ ಹೊರಗೆ ತಿಳಿಯದೆ ಇರಬಹುದು. ಒಂದೇ ಒಂದು ಹಲ್ಲು ಕಪ್ಪಾಗಿದ್ದರೆ ಮೊದಲ ಸಂಶಯ ಇದರ ಮೇಲೆಯೇ ಹೋಗಬೇಕು.

ಮೂರು, ಫ್ಲೋರೈಡ್. ಅರಸೀಕೆರೆ ಸೀಮೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಆಳದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಹಳದಿ ಅಥವಾ ಕಂದು ಗೆರೆ ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ಭಾರತೀಯ ಮಾನಕ.

ನಾಲ್ಕು, ಆಕಾರ. ತುದಿ ಮುರಿದದ್ದು, ಸವೆದದ್ದು, ಹುಟ್ಟಿನಿಂದಲೇ ಮೊಳೆಯ ಹಾಗೆ ಚಿಕ್ಕದಾಗಿರುವುದು.

ಐದು, ಜಾಗ. ತಿರುಚಿದ ಹಲ್ಲು, ಉಬ್ಬಿದ ಹಲ್ಲು, ನಡುವೆ ಸಂದು.

ಎಕ್ಸ್‌ರೇ ತೆಗೆಯದೆ, ಹಲ್ಲಿಗೆ ತಣ್ಣನೆಯದನ್ನು ತಾಗಿಸಿ ನರ ಜೀವಂತವಾಗಿದೆಯೇ ಎಂದು ಪರೀಕ್ಷಿಸದೆ, ಕಪ್ಪಾದ ಒಂದು ಹಲ್ಲಿಗೆ ಕ್ಯಾಪ್ ಹಾಕಲು ಹೊರಡುವುದು ಸರಿಯಲ್ಲ. ಒಳಗೆ ಕೀವಿದ್ದರೆ ಮೇಲಿನ ಚಂದದ ಕ್ಯಾಪ್ ಅದನ್ನು ಮುಚ್ಚುತ್ತದೆಯೇ ಹೊರತು ವಾಸಿ ಮಾಡುವುದಿಲ್ಲ.

ಕೊರೆಯದೆ ಆಗುವ ಕೆಲಸಗಳು

ಕ್ಲೀನಿಂಗ್: ಹೊರಗಿನ ಕಲೆಗೆ ಇಷ್ಟೇ ಸಾಕಾಗುವುದುಂಟು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಮಾತು ನಮ್ಮಲ್ಲಿ ಬಹಳ ಇದೆ. ಗಟ್ಟಿಯಾದ ಕಿಟ್ಟ ಸಂದುಗಳಲ್ಲಿ ತುಂಬಿರುತ್ತದೆ, ಅದು ಹೋದಾಗ ಖಾಲಿಯಾದಂತೆ ಅನಿಸುತ್ತದೆ. ಹಲ್ಲನ್ನು ಸಡಿಲ ಮಾಡುವುದು ಆ ಕಿಟ್ಟವೇ ಹೊರತು ಕ್ಲೀನಿಂಗ್ ಅಲ್ಲ.

ಬ್ಲೀಚಿಂಗ್: ನರ ಜೀವಂತವಿರುವ ಹಳದಿ ಹಲ್ಲಿಗೆ ಹೊರಗಿನಿಂದ ಬ್ಲೀಚ್ ಮಾಡುತ್ತಾರೆ. ಬಾಯಿಯ ಅಳತೆಗೆ ಮಾಡಿದ ತೆಳುವಾದ ಟ್ರೇಯಲ್ಲಿ ಔಷಧ ಹಾಕಿ ರಾತ್ರಿ ಧರಿಸುವ ವಿಧಾನವೂ ಇದೆ. ಕೆಲವು ದಿನ ಜುಮ್ಮೆನ್ನಬಹುದು, ಆಮೇಲೆ ಸರಿಹೋಗುತ್ತದೆ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಮುಂದೂಡುವುದು ಲೇಸು.

ನರ ಸತ್ತ ಹಲ್ಲಿಗೆ ದಾರಿ ಬೇರೆ. ಮೊದಲು ರೂಟ್ ಕೆನಾಲ್ ಮಾಡಿ, ಬೇರಿನ ಭಾಗವನ್ನು ಭದ್ರವಾಗಿ ಮುಚ್ಚಿ, ಹಲ್ಲಿನ ಒಳಗೇ ಬ್ಲೀಚ್ ಔಷಧ ಇಟ್ಟು ತಾತ್ಕಾಲಿಕ ಸಿಮೆಂಟಿನಿಂದ ಮುಚ್ಚುತ್ತಾರೆ. ಕೆಲವು ದಿನ ಬಿಟ್ಟು ಔಷಧ ಬದಲಾಯಿಸುತ್ತಾರೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ಸಲ ಹೋಗಬೇಕಾಗುತ್ತದೆ. ಹಲ್ಲಿನ ಮುಂಭಾಗವನ್ನು ಸ್ವಲ್ಪವೂ ಕೊರೆಯುವುದಿಲ್ಲ. ಅಪರೂಪಕ್ಕೆ ಬೇರು ಕರಗುವ ತೊಂದರೆ ಬರಬಹುದು, ವರ್ಷಗಳ ಮೇಲೆ ಬಣ್ಣ ಸ್ವಲ್ಪ ಮರಳಬಹುದು. ಹೀಗಾಗಿ ನಂತರವೂ ತೋರಿಸಿಕೊಳ್ಳುತ್ತಿರಬೇಕು.

ಒಂದು ವಿಷಯ ನೆನಪಿರಲಿ. ಬ್ಲೀಚ್ ನಿಜವಾದ ಹಲ್ಲನ್ನು ಮಾತ್ರ ಬಿಳಿ ಮಾಡುತ್ತದೆ, ಕ್ಯಾಪ್ ಅಥವಾ ತುಂಬಿಸಿದ ಭಾಗದ ಬಣ್ಣ ಬದಲಾಗುವುದಿಲ್ಲ. ಆದ್ದರಿಂದ ಬ್ಲೀಚ್ ಮೊದಲು. ಸುಮಾರು ಎರಡು ವಾರ ಬಿಟ್ಟು, ಬಣ್ಣ ನೆಲೆ ನಿಂತ ಮೇಲೆ ಮುಂದಿನ ಕೆಲಸ.

ಫ್ಲೋರೈಡ್ ಮಚ್ಚೆಗೆ: ಹಗುರವಾದ ಆಮ್ಲ ಮತ್ತು ನುಣುಪಾದ ಪುಡಿಯಿಂದ ಮೇಲ್ಪದರವನ್ನು ಕೂದಲೆಳೆಯಷ್ಟು ಉಜ್ಜುವ ವಿಧಾನವಿದೆ. ಬಿಳಿ ಮಚ್ಚೆಯೊಳಗೆ ತಿಳಿಯಾದ ರೆಸಿನ್ ಇಳಿಸಿ ಮರೆಮಾಡುವ ವಿಧಾನವೂ ಇದೆ. ಹಗುರ ಮತ್ತು ಮಧ್ಯಮ ಮಟ್ಟದ ಮಚ್ಚೆಗೆ ಇವು ಸಾಕಾಗಬಹುದು. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ನಿಂಬೆರಸ, ಅಡುಗೆ ಸೋಡಾ, ಇದ್ದಿಲ ಪುಡಿ, ಇಟ್ಟಿಗೆ ಪುಡಿಯಿಂದ ತಿಕ್ಕಿದರೆ ಎನಾಮಲ್ ಸವೆದು ಒಳಗಿನ ಹಳದಿ ಪದರ ಇನ್ನಷ್ಟು ಕಾಣುತ್ತದೆ.

ಸ್ವಲ್ಪ ಕೊರೆಯುವ ಮತ್ತು ಹೆಚ್ಚು ಕೊರೆಯುವ ಕೆಲಸಗಳು

ಕಾಂಪೋಸಿಟ್: ಹಲ್ಲಿನ ಬಣ್ಣದ ಮೇಣದಂಥ ವಸ್ತುವನ್ನು ಹಲ್ಲಿಗೆ ಅಂಟಿಸಿ, ಆಕಾರ ಕೊಟ್ಟು, ನೀಲಿ ಬೆಳಕಿನಿಂದ ಗಟ್ಟಿ ಮಾಡುತ್ತಾರೆ. ಮುರಿದ ತುದಿ, ಚಿಕ್ಕ ಸಂದು, ಚಿಕ್ಕ ಹಲ್ಲು ಇವಕ್ಕೆ ಬಹಳ ಒಳ್ಳೆಯದು. ಹೆಚ್ಚಾಗಿ ಒಂದೇ ಭೇಟಿಯಲ್ಲಿ ಮುಗಿಯುತ್ತದೆ, ಹಲ್ಲನ್ನು ಕೊರೆಯುವುದು ಅತ್ಯಲ್ಪ. ಚಹಾ, ಎಲೆ ಅಡಿಕೆಯಿಂದ ಬಣ್ಣ ಹಿಡಿಯುತ್ತದೆ, ಕೆಲವು ವರ್ಷಗಳಲ್ಲಿ ಅಂಚು ಒಡೆಯಬಹುದು. ಆದರೆ ಒಡೆದಷ್ಟನ್ನೇ ಮತ್ತೆ ಸರಿ ಮಾಡಬಹುದು.

ವೆನೀರ್: ಉಗುರಿನಷ್ಟು ತೆಳುವಾದ ಪಿಂಗಾಣಿ ಹಾಳೆಯನ್ನು ಹಲ್ಲಿನ ಮುಂಭಾಗಕ್ಕೆ ಅಂಟಿಸುವುದು. ಇದಕ್ಕಾಗಿ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು ಎನಾಮಲ್ ತೆಗೆಯುತ್ತಾರೆ. ಬಣ್ಣ ಹಿಡಿಯುವುದಿಲ್ಲ, ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ, ಅದಕ್ಕೂ ಹೆಚ್ಚು ಬರುತ್ತದೆ. ಆದರೆ ಒಮ್ಮೆ ಹಾಕಿದ ಮೇಲೆ ಆ ಹಲ್ಲಿಗೆ ಜೀವನಪೂರ್ತಿ ಏನಾದರೂ ಹೊದಿಕೆ ಬೇಕೇಬೇಕು. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಒಗ್ಗುವುದಿಲ್ಲ.

ಕ್ಯಾಪ್: ಹಲ್ಲನ್ನು ಸುತ್ತಲೂ ಒಂದರಿಂದ ಒಂದೂವರೆ ಮಿಲಿಮೀಟರ್, ತುದಿಯಲ್ಲಿ ಇನ್ನೂ ಹೆಚ್ಚು ಕೊರೆದು ಟೋಪಿಯಂತೆ ಹೊದಿಸುವುದು. ಕಾಣುವ ಹಲ್ಲಿನ ಅರ್ಧಕ್ಕಿಂತ ಹೆಚ್ಚು ಭಾಗ ಇದರಲ್ಲಿ ಹೋಗಿಬಿಡಬಹುದು. ಹಲ್ಲು ಬಹಳ ಮುರಿದಿದ್ದರೆ, ಹುಳುಕು ತಿಂದು ಗೋಡೆ ಉಳಿದಿರದಿದ್ದರೆ ಕ್ಯಾಪ್ ಸರಿಯಾದ ಚಿಕಿತ್ಸೆ. ರೂಟ್ ಕೆನಾಲ್ ಆದ ಮುಂದಿನ ಹಲ್ಲಿಗೆಲ್ಲ ಕ್ಯಾಪ್ ಬೇಕೆಂದಿಲ್ಲ. ಹೆಚ್ಚು ಭಾಗ ಗಟ್ಟಿಯಾಗಿ ಉಳಿದಿದ್ದರೆ ಕಾಂಪೋಸಿಟ್ ಸಾಕಾಗಬಹುದು. ಒಳಗೆ ಲೋಹವಿರುವ ಕ್ಯಾಪ್‌ನಲ್ಲಿ ಕಾಲಕ್ರಮೇಣ ಒಸಡಿನ ಹತ್ತಿರ ಬೂದು ಗೆರೆ ಕಾಣಬಹುದು. ಮುಂದಿನ ಹಲ್ಲಿಗೆ ಝಿರ್ಕೋನಿಯಾ ಅಥವಾ ಪೂರ್ತಿ ಪಿಂಗಾಣಿಯದು ಮೇಲು.

ಜಾಗ ತಪ್ಪಿದ ಹಲ್ಲಿಗೆ: ತಿರುಚಿದ ಹಲ್ಲನ್ನು ಕೊರೆದು ಕ್ಯಾಪ್ ಹಾಕಿ 'ನೇರ' ಮಾಡುವುದಕ್ಕಿಂತ ಕ್ಲಿಪ್ ಹಾಕಿಸಿ ಸರಿಸುವುದು ಉತ್ತಮ. ತಿಂಗಳುಗಳು ಬೇಕು, ಆದರೆ ಹಲ್ಲು ಹಲ್ಲಾಗಿಯೇ ಉಳಿಯುತ್ತದೆ. ನಂತರ ಹೇಳಿದಷ್ಟು ಕಾಲ ರಿಟೇನರ್ ಧರಿಸದಿದ್ದರೆ ಹಲ್ಲು ಹಳೆಯ ಜಾಗಕ್ಕೆ ಮರಳುತ್ತದೆ.

ಹಲ್ಲೇ ಬಿದ್ದುಹೋಗಿದ್ದರೆ: ತೆಗೆದಿಡುವ ಪ್ಲೇಟ್, ಪಕ್ಕದ ಹಲ್ಲುಗಳಿಗೆ ಹಿಂದಿನಿಂದ ರೆಕ್ಕೆಯಂತೆ ಅಂಟಿಸುವ ಹಲ್ಲು, ಪಕ್ಕದ ಎರಡು ಹಲ್ಲು ಕೊರೆದು ಕೂಡಿಸುವ ಬ್ರಿಡ್ಜ್, ಮೂಳೆಯಲ್ಲಿ ಕೂರಿಸುವ ಇಂಪ್ಲಾಂಟ್ ಎಂಬ ನಾಲ್ಕು ದಾರಿಗಳಿವೆ. ಮುಖದ ಮೂಳೆ ಬೆಳೆಯುತ್ತಿರುವ ವಯಸ್ಸಿನಲ್ಲಿ ಇಂಪ್ಲಾಂಟ್ ಹಾಕುವುದಿಲ್ಲ.

ಬಣ್ಣ ಹೊಂದುವುದಿಲ್ಲವೇ?

"ಒಂದೇ ಹಲ್ಲಿಗೆ ಮಾಡಿದರೆ ಬಣ್ಣ ಹೊಂದುವುದಿಲ್ಲ" ಎಂಬ ಮಾತಿನಲ್ಲಿ ಅರ್ಧ ನಿಜವಿದೆ. ಮುಂದಿನ ಒಂದೇ ಹಲ್ಲನ್ನು ಪಕ್ಕದ ಹಲ್ಲಿನ ಜೊತೆಗೆ ಹೊಂದಿಸುವುದು ದಂತವೈದ್ಯರ ಕಷ್ಟದ ಕೆಲಸಗಳಲ್ಲಿ ಒಂದು. ಕಷ್ಟವೇ ಹೊರತು ಅಸಾಧ್ಯವಲ್ಲ. ಬಣ್ಣವನ್ನು ಹಗಲು ಬೆಳಕಿನಲ್ಲಿ, ಕೆಲಸ ಶುರು ಮಾಡುವ ಮೊದಲೇ ನೋಡಬೇಕು. ಬಾಯಿ ತೆರೆದೇ ಇದ್ದರೆ ಹಲ್ಲು ಒಣಗಿ ಇದ್ದದ್ದಕ್ಕಿಂತ ಬಿಳಿಯಾಗಿ ಕಾಣುತ್ತದೆ, ಆಗ ಆರಿಸಿದ ಬಣ್ಣ ತಪ್ಪುತ್ತದೆ. ಕಾಂಪೋಸಿಟ್ ಆದರೆ ಸ್ವಲ್ಪವನ್ನು ಅಂಟಿಸದೆ ಹಲ್ಲಿನ ಮೇಲಿಟ್ಟು ಗಟ್ಟಿ ಮಾಡಿ ಕನ್ನಡಿಯಲ್ಲಿ ತೋರಿಸಬಹುದು, ಒಪ್ಪದಿದ್ದರೆ ಕಿತ್ತು ತೆಗೆಯಬಹುದು. ಹಾಗೆ ತೋರಿಸಿ ಎಂದು ನೀವೇ ಕೇಳಿ.

ಒಪ್ಪಿಗೆ ಕೊಡುವ ಮೊದಲು ಈ ಪ್ರಶ್ನೆಗಳನ್ನೂ ಕೇಳಿ. ಕಾರಣ ಏನು, ಎಕ್ಸ್‌ರೇ ಏನು ಹೇಳುತ್ತದೆ? ಎಷ್ಟು ಹಲ್ಲು ಕೊರೆಯುತ್ತೀರಿ? ಇದಕ್ಕಿಂತ ಕಡಿಮೆ ಕೊರೆಯುವ ದಾರಿ ಇದೆಯೇ? ಎಷ್ಟು ವರ್ಷ ಬಾಳುತ್ತದೆ, ಹಾಳಾದರೆ ಮುಂದೇನು? ಒಟ್ಟು ಖರ್ಚನ್ನು ಬರೆದು ಕೊಡುತ್ತೀರಾ? ಒಳ್ಳೆಯ ವೈದ್ಯರು ಇದಕ್ಕೆ ಬೇಸರಪಡುವುದಿಲ್ಲ.

ಎಲ್ಲಿ ಹೋಗಬೇಕು, ಎಲ್ಲಿ ಹೋಗಬಾರದು

ಮೊದಲ ಪರೀಕ್ಷೆಗೆ ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಬಹುದು. ಹೆಚ್ಚಿನ ಚಿಕಿತ್ಸೆಗೆ ಹಾಸನದಲ್ಲಿ ದಂತ ವೈದ್ಯಕೀಯ ಕಾಲೇಜು ಇದೆ. ಅರಸೀಕೆರೆಯಿಂದ ರೈಲು, ಬಸ್ಸು ಎರಡೂ ಇವೆ. ಬೇಲೂರು, ಹಳೇಬೀಡಿನಿಂದ ಬಸ್ಸಿದೆ. ಕಾಲೇಜು ಆಸ್ಪತ್ರೆಗಳಲ್ಲಿ ಖಾಸಗಿ ಕ್ಲಿನಿಕ್‌ಗಿಂತ ಸಾಮಾನ್ಯವಾಗಿ ಖರ್ಚು ಕಡಿಮೆ, ಸಮಯ ಹೆಚ್ಚು. ರೂಟ್ ಕೆನಾಲ್‌ಗೆ, ಕ್ಲಿಪ್‌ಗೆ, ಕ್ಯಾಪ್‌ಗೆ ಬೇರೆ ಬೇರೆ ವಿಭಾಗಗಳಿರುವುದರಿಂದ ಎರಡನೆಯ ಅಭಿಪ್ರಾಯ ಪಡೆಯುವುದೂ ಸುಲಭ.

ಸಂತೆ, ಬಸ್ ನಿಲ್ದಾಣದ ಬದಿಯಲ್ಲಿ ಕೂತು ಗಂಟೆಯಲ್ಲಿ ಹಲ್ಲು ಕೂರಿಸಿಕೊಡುವವರ ಹತ್ತಿರ ಹೋಗಬೇಡಿ. ಅವರು ಪ್ಲಾಸ್ಟಿಕ್ ಹಲ್ಲನ್ನು ಪಕ್ಕದ ಹಲ್ಲುಗಳಿಗೆ ತಂತಿ ಮತ್ತು ಅಂಟಿನಿಂದ ಬಿಗಿಯುತ್ತಾರೆ. ಕೆಳಗೆ ಅನ್ನದ ಅಗುಳು ಕೊಳೆತು, ಒಸಡು ಬಾತು, ಒಂದು ಹಲ್ಲಿನ ಜಾಗದಲ್ಲಿ ಮೂರು ಹಲ್ಲು ಹೋಗುತ್ತವೆ. ಕಾನೂನಿನ ಪ್ರಕಾರ ನೋಂದಣಿ ಇಲ್ಲದವರು ದಂತವೈದ್ಯ ವೃತ್ತಿ ಮಾಡುವಂತಿಲ್ಲ. ಬೋರ್ಡಿನಲ್ಲಿ ಬಿಡಿಎಸ್ ಅಥವಾ ಎಂಡಿಎಸ್ ಮತ್ತು ನೋಂದಣಿ ಸಂಖ್ಯೆ ಇದೆಯೇ ನೋಡಿ.

ಆರಾಧನೆಯ ಕೆಲವು ಸಂಶಯಗಳು

ಖಾಯಂ ಆಗಿ ಅಂಟಿಸಿದ ಕ್ಯಾಪ್, ವೆನೀರ್, ತುಂಬಿಸಿದ ಭಾಗ ಇವು ವುಝೂ, ಗುಸ್ಲ್‌ಗೆ ಅಡ್ಡಿಯಲ್ಲ ಎಂದು ವಿದ್ವಾಂಸರು ಹೇಳುತ್ತಾರೆ. ಕಷ್ಟವಿಲ್ಲದೆ ತೆಗೆಯಲಾಗದ ಕಾರಣ ಅವು ಹಲ್ಲಿನ ಭಾಗವೇ ಆಗಿಬಿಡುತ್ತವೆ. ತೆಗೆದು ಹಾಕುವ ಪ್ಲೇಟ್ ಹಾಗಲ್ಲ. ಹನಫೀ ಮದ್‌ಹಬ್‌ನಲ್ಲಿ ಗುಸ್ಲ್‌ನ ವೇಳೆ ಬಾಯಿ ಮುಕ್ಕಳಿಸುವುದು ಫರ್ಝ್ ಆದ್ದರಿಂದ ಅದನ್ನು ತೆಗೆದು ಮುಕ್ಕಳಿಸಬೇಕು. ಶಾಫಿಈ ಮದ್‌ಹಬ್‌ನಲ್ಲಿ ಮುಕ್ಕಳಿಸುವುದು ಸುನ್ನತ್. ರಮಝಾನ್‌ನಲ್ಲಿ ಏನನ್ನೂ ನುಂಗದಿದ್ದರೆ ಹಲ್ಲಿನ ಚಿಕಿತ್ಸೆಯಿಂದ ಉಪವಾಸ ಮುರಿಯುವುದಿಲ್ಲ. ಆದರೆ ಯಂತ್ರದಿಂದ ನೀರು ಚಿಮ್ಮುತ್ತಿರುವುದರಿಂದ, ತುರ್ತಿಲ್ಲದ ಕೆಲಸವನ್ನು ಇಫ್ತಾರ್ ನಂತರಕ್ಕೋ ಈದ್ ನಂತರಕ್ಕೋ ಇಟ್ಟುಕೊಳ್ಳುವುದು ಒಳ್ಳೆಯದು. ನಿಮ್ಮ ಪರಿಸ್ಥಿತಿಯನ್ನು ನಿಮ್ಮ ಇಮಾಮರಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ಮಕ್ಕಳ ವಿಷಯದಲ್ಲಿ

ಮೇಲಿನ ಮುಂದಿನ ಶಾಶ್ವತ ಹಲ್ಲುಗಳ ಎನಾಮಲ್ ದವಡೆಯೊಳಗೆ ರೂಪುಗೊಳ್ಳುವುದು ಮಗುವಿನ ಮೊದಲ ನಾಲ್ಕೈದು ವರ್ಷಗಳಲ್ಲಿ. ಆಗ ಕುಡಿದ ನೀರಿನ ಗುರುತು ಹಲ್ಲು ಹುಟ್ಟಿದ ಮೇಲೆ ಕಾಣುತ್ತದೆ. ಆದ್ದರಿಂದ ಅರಸೀಕೆರೆ ಸೀಮೆಯ ತಾಯಂದಿರು ಚಿಕ್ಕ ಮಕ್ಕಳಿಗೆ ಕುಡಿಯಲು, ಅಡುಗೆಗೆ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಬಳಸಲಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿ ಅದರ ಪ್ರಮಾಣ ಇನ್ನೂ ಹೆಚ್ಚುತ್ತದೆ.

ಮಗು ಬಿದ್ದು ಶಾಶ್ವತ ಹಲ್ಲು ಪೂರ್ತಿ ಕಿತ್ತು ಬಂದರೆ ಬೇರನ್ನು ಮುಟ್ಟದೆ ಹಲ್ಲಿನ ಬಿಳಿ ಭಾಗವನ್ನು ಹಿಡಿಯಿರಿ. ತಿಕ್ಕಿ ತೊಳೆಯಬೇಡಿ, ಹಾಲಿನಲ್ಲಿ ಹಾಕಿ ಕೂಡಲೇ ದಂತವೈದ್ಯರ ಬಳಿ ಓಡಿ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ತಲುಪಿದರೆ ಮತ್ತೆ ಕೂರಿಸುವ ಸಾಧ್ಯತೆ ಚೆನ್ನಾಗಿರುತ್ತದೆ. ಹಲ್ಲು ಕಿತ್ತು ಬರದೆ ಬರೀ ಪೆಟ್ಟಾಗಿದ್ದರೂ ತೋರಿಸಿ. ಅಂದು ನಾವು ತೋರಿಸಿದ್ದರೆ ನಮ್ಮ ಹುಡುಗಿ ಇಷ್ಟು ವರ್ಷ ಬಾಯಿ ಮುಚ್ಚಿ ನಗಬೇಕಾಗಿರಲಿಲ್ಲ.

ಅವಳನ್ನು ಹಾಸನಕ್ಕೆ ಕರೆದುಕೊಂಡು ಹೋದೆವು. ಎಕ್ಸ್‌ರೇಯಲ್ಲಿ ಬೇರಿನ ತುದಿಯಲ್ಲಿ ಸಣ್ಣದೊಂದು ಕೀವಿನ ಗುಳ್ಳೆ ಕಂಡಿತು. ಕ್ಯಾಪ್ ಹಾಕಿಸಿದ್ದರೆ ಅದು ಒಳಗೇ ಬೆಳೆಯುತ್ತಿತ್ತು. ರೂಟ್ ಕೆನಾಲ್ ಆಯಿತು, ಒಳಗಿನಿಂದ ಮೂರು ಸಲ ಬ್ಲೀಚ್ ಆಯಿತು, ಮುರಿದ ತುದಿಗೆ ಕಾಂಪೋಸಿಟ್ ಆಯಿತು. ಎರಡು ತಿಂಗಳ ಓಡಾಟ. ಆರು ಕ್ಯಾಪ್‌ಗೆ ಹೇಳಿದ ಹಣದ ಚಿಕ್ಕ ಭಾಗವಷ್ಟೇ ಖರ್ಚಾಯಿತು. ಹತ್ತಿರದಿಂದ ನೋಡಿದರೆ ಪಕ್ಕದ ಹಲ್ಲಿಗಿಂತ ಒಂದು ಎಳೆ ಹಳದಿ ಇದೆ. ಪಕ್ಕದ ಐದು ಹಲ್ಲುಗಳು ಅಲ್ಲಾಹನು ಕೊಟ್ಟಂತೆಯೇ ಇವೆ, ಅಲ್‌ಹಮ್ದುಲಿಲ್ಲಾಹ್.

ಸಂಬಂಧದವರಿಗೆ ವಿಷಯವನ್ನು ಮುಚ್ಚಿಡದೆ ಹೇಳಿದೆವು. ಮಾತು ಇನ್ನೂ ನಡೆಯುತ್ತಿದೆ. ಹೆಣ್ಣು ನೋಡಲು ಹೋಗುವ ಹಿರಿಯರಲ್ಲಿ ನನ್ನದೊಂದು ವಿನಂತಿ: ಹುಡುಗಿಯ ಎದುರು ಅವಳ ಹಲ್ಲಿನ ಮಾತು ಆಡಬೇಡಿ. ಆ ಒಂದು ಮಾತಿನ ಭಯಕ್ಕೆ ಒಂದು ಮನೆ ಆರೋಗ್ಯವಾಗಿದ್ದ ಐದು ಹಲ್ಲುಗಳನ್ನು ಕೊರೆಸಲು ಹೊರಟಿತ್ತು. ಅಲ್ಲಾಹನು ನಮ್ಮ ನಾಲಿಗೆಯನ್ನೂ ಹಲ್ಲನ್ನೂ ಒಳ್ಳೆಯದರಲ್ಲಿ ಇಡಲಿ. ಆಮೀನ್.